ಗೌಡ್ತಿಯ ದಿನ ಮಾಡಿದ್ದು

ನನಗೆ ಆಗ ಹದಿನೆಂಟು. ಆ ಮಾತಿಗೆ ಈಗ ಎಪ್ಪತ್ತು ವರ್ಷ ಆಗುತ್ತ ಬಂತು. ಮೀನು ಸತ್ತದ್ದಕ್ಕೆ ಮೀಸೆ ಬೋಳಿಸಿಕೊಂಡ ಗಂಡಸನ್ನು ನೀವು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ನಾನು ಅಂಥವನಿಗೆ ದಿನಾ ರೊಟ್ಟಿ ಬಡಿದು ಹಾಕಿದ್ದೇನೆ. ಅವನು ನನ್ನ ಮಾವನ ತಮ್ಮ. ಮನೆಯಲ್ಲಿ ಅವನನ್ನು ಸಣ್ಣ ಮಾವ ಅನ್ನುತ್ತಿದ್ದೆವು, ಊರಲ್ಲಿ ಹುಚ್ಚ ಅನ್ನುತ್ತಿದ್ದರು. ಊರಿನವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಮದುವೆ ಇಲ್ಲ, ಮಕ್ಕಳಿಲ್ಲ. ಹೊಲಕ್ಕೆ ಕಳಿಸಿದರೆ ಎತ್ತುಗಳನ್ನು ಬೇವಿನ ನೆರಳಿಗೆ ಕಟ್ಟಿ ತಾನು ಹೊಳೆಗೆ ಹೋಗಿಬಿಡುತ್ತಿದ್ದ. ನಮ್ಮ ಕೊರ್ಲಹಳ್ಳಿಯಲ್ಲಿ ಹೊಳೆ ಅಂದರೆ ತುಂಗಭದ್ರೆ. ಗಾಳ ಹಾಕಿ ಕುಳಿತನೆಂದರೆ ಹಿಂದೆ ಬಣವೆಗೆ ಬೆಂಕಿ ಬಿದ್ದರೂ ಕತ್ತು ತಿರುಗಿಸುವ ಆಸಾಮಿಯಲ್ಲ. ನಮ್ಮದೋ ವಿಭೂತಿ ಹಚ್ಚುವ ಮನೆ. ಮೀನಿನ ಹೆಸರೆತ್ತಿದರೆ ನಮ್ಮತ್ತೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಹಾಗಾದರೆ ಹಿಡಿದ ಮೀನು ಏನಾಗುತ್ತಿತ್ತು? ಬಿಟ್ಟುಬಿಡುತ್ತಿದ್ದ! ಹಿಡಿಯುವುದು, ಮುಖ ನೋಡುವುದು, ತಿರುಗಿ ನೀರಿಗೆ ಬಿಡುವುದು. ಹೊಸದಾಗಿ ಬಂದಾಗ ನಾನು ಕೇಳಿದ್ದೆ:

"ತಿನ್ನಾಂಗಿಲ್ಲ, ಮಾರಾಂಗಿಲ್ಲ. ಮತ್ಯಾಕ ಹಿಡೀತೀರಿ?"

"ನೀ ಗುಡಿಗೆ ಹೋಕ್ಕೀ. ಬರುವಾಗ ದೇವರನ್ನ ಬುಟ್ಟ್ಯಾಗ ಹಾಕ್ಕೊಂಡ ಬರ್ತೀಯೇನು?"

ಕೈಯಲ್ಲಿದ್ದ ರೊಟ್ಟಿಯನ್ನು ಅವನ ಮುಖಕ್ಕೆ ಒಗೆಯಬೇಕೆನಿಸಿತು. ಬಿಸಿ ರೊಟ್ಟಿ, ಸುಮ್ಮನೆ ಹಾಳಾಗುತ್ತದೆಂದು ಬಿಟ್ಟೆ.

ಎರೆಹುಳು ಮುಟ್ಟಿದರೆ ಅವನಿಗೆ ಮೈಲಿಗೆಯಂತೆ! ಅದಕ್ಕೆ ನಾನು ನಾದಿಟ್ಟ ಜೋಳದ ಹಿಟ್ಟನ್ನೇ ಎತ್ತಿಕೊಂಡು ಹೋಗಿ, ಬೆಳ್ಳುಳ್ಳಿ ಚಟ್ನಿ ಕಲಸಿ, ಉಂಡೆ ಮಾಡಿ ಗಾಳಕ್ಕೆ ಚುಚ್ಚುತ್ತಿದ್ದ. ಹೀಗಾಗಿ ನನ್ನ ಗಂಡ ಅರೆಹೊಟ್ಟೆಯಲ್ಲಿ ಏಳುತ್ತಿದ್ದ, ಹೊಳೆಯ ಮೀನುಗಳು ತೇಗುತ್ತಿದ್ದವು. ಒಂದು ಸಲ ಸಂಜೆ ಬಂದು, "ಇವತ್ತ ಚಟ್ನ್ಯಾಗ ಉಪ್ಪು ಹೆಚ್ಚಾಗಿತ್ತವ್ವಾ, ಒಂದೂ ಬಾಯಿ ಹಚ್ಚಲಿಲ್ಲ" ಎಂದ. ಮೀನಿನ ಬಾಯಿಯಿಂದಲೂ ಸೊಸೆಗೆ ಹೆಸರಿಡುವ ಮನೆ ನಮ್ಮದು!

ಇನ್ನು ಆ ಗೌಡ್ತಿಯ ಕತೆ. ಊರ ಕೆಳಗಿನ ಮಡುವಿನಲ್ಲಿ ಒಂದು ಭಾರೀ ಹೆಣ್ಣು ಮೀನಿತ್ತು. ರೊಟ್ಟಿ ಹಂಚಿನಂಥ ತಲೆ, ಕಂಚಿನ ಬಣ್ಣದ ಮೈ, ಎಡಗಡೆ ತುಟಿ ಹರಿದಿತ್ತು. ನೀರಿನಲ್ಲಿ ಹೋಗುವಾಗ ಉಳಿದ ಮೀನುಗಳು ದಾರಿ ಬಿಡುತ್ತಿದ್ದವಂತೆ. ಅದಕ್ಕೆ ಗೌಡ್ತಿ ಎಂದು ಹೆಸರು. ಸ್ವಾತಂತ್ರ್ಯ ಬಂದ ವರ್ಷ ಮೊದಲ ಸಲ ಗಾಳಕ್ಕೆ ಬಿದ್ದದ್ದೇ ಆಯಿತು, ಅದರ ಖಬರು ಎಲ್ಲೆಲ್ಲಿಗೋ ಹೋಯಿತು. ಬೆಟಗೇರಿಯಿಂದ ಒಬ್ಬ ನೇಕಾರ ಮಗ್ಗ ಬಿಟ್ಟು ಬರತೊಡಗಿದ. ಲಕ್ಷ್ಮೇಶ್ವರದಿಂದ ಪಾತ್ರೆಗೆ ಕಲಾಯಿ ಹಾಕುವ ಸಾಬರು ತಿದಿ ಮೂಲೆಗಿಟ್ಟು ಬರತೊಡಗಿದರು. ಆಚೆ ದಂಡೆಯಿಂದ ಒಬ್ಬ ಶಾನುಭೋಗ ಹರಗೋಲಿನಲ್ಲಿ ಛತ್ರಿ ಹಿಡಿದು ಬರುತ್ತಿದ್ದ. ನಮ್ಮವನೂ ಸೇರಿ ನಾಲ್ವರು. ನಾಲ್ವರಲ್ಲಿ ಒಬ್ಬನಿಗಾದರೂ ಬುದ್ಧಿ ಇರಬೇಡವೇ?

ಗೌಡ್ತಿ ಯಾರ ಗಾಳಕ್ಕೆ ಬಿದ್ದರೂ ಅವಳಿಗೆ ಉಡಿ ತುಂಬಿ ಕಳಿಸಬೇಕು, ಇದು ಅವರ ಕಟ್ಟಳೆ. ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಬಸದ ಕಣ ಹಾಕುತ್ತೇವಲ್ಲ, ಹಾಗೆ! ಮೀನಿಗೆ ಸೆರಗೆಲ್ಲಿಂದ ಬರಬೇಕು? ನೇಕಾರ ಸೀರೆಯಂಚಿನ ಚೂರೊಂದನ್ನು ಅದರ ಬೆನ್ನ ಮೇಲೆ ಹೊದಿಸುತ್ತಿದ್ದ, ಸಾಬರು ಹಿಡಿ ಅಕ್ಕಿ ನೀರಿಗೆ ಹಾಕುತ್ತಿದ್ದರು, ಸಣ್ಣ ಮಾವ "ಹೋಗಿ ಬಾರವ್ವಾ" ಎಂದು ಕೈ ಬಿಡುತ್ತಿದ್ದ. ಹಿಡಿದವನು ಉಳಿದವರಿಗೆ ಗಿರಮಿಟ್ಟು ತಿನ್ನಿಸಬೇಕು. ಶಾನುಭೋಗ ಮಾತ್ರ ಪ್ರತಿ ಸಲವೂ ತಕರಾರು ತೆಗೆಯುತ್ತಿದ್ದ:

"ಈ ಮೀನ ನಮ್ಮ ರಾಜ್ಯದ್ದು. ಅದು ನಮ್ಮ ದಂಡಿ ಬಂಡಿಗಲ್ಲಿನ ಕೆಳಗ ಮಲಗತೈತಿ."

"ಮಲಗೂದು ನಿಮ್ಮಲ್ಲಿ ಇರಬಹುದ್ರಿ, ಉಣ್ಣೂದು ನಮ್ಮ ಹಿಟ್ಟು" ಅನ್ನುತ್ತಿದ್ದ ಸಣ್ಣ ಮಾವ. ನಮ್ಮ ಹಿಟ್ಟಂತೆ!

ಆಗ ನಾವು ಮುಂಬಯಿಗೆ ಸೇರಿದವರು. ಆಚೆಯವರು ಮೊದಲು ಮದ್ರಾಸಿನವರು, ಆಮೇಲೆ ಮೈಸೂರಿನವರು. ನಡು ಹೊಳೆಯಲ್ಲಿ ಗಡಿ. ಗೌಡ್ತಿ ದಿನಕ್ಕೆ ಎಷ್ಟು ಸಲ ರಾಜ್ಯ ಬದಲಿಸುತ್ತಿದ್ದಳೋ, ಯಾವ ಫೌಜುದಾರನೂ ಕೇಳಲಿಲ್ಲ.

ಇದನ್ನೆಲ್ಲ ಇಷ್ಟು ಸಿಟ್ಟಿನಿಂದ ಯಾಕೆ ಹೇಳುತ್ತಿದ್ದೇನೆ? ಹೇಳುತ್ತೇನೆ, ಕೇಳಿರಿ. ರಾಜ್ಯ ಒಂದಾದ ವರ್ಷದ ಶ್ರಾವಣದಲ್ಲಿ ನನ್ನ ಚೊಚ್ಚಲು ಕೂಸು, ಹೆಣ್ಣು, ಜ್ವರ ಬಂದು ಸತ್ತಿತು. ತೊಟ್ಟಿಲಿಗೆ ಹಾಕಿ ಹೆಸರಿಡುವುದು ಇನ್ನೂ ಆಗಿರಲಿಲ್ಲ. ನನ್ನ ಗಂಡ ಮಣ್ಣು ಮಾಡಿ ಬಂದ, ಕಾಲು ತೊಳೆದ, ಎಲ್ಲರೂ ಉಂಡರು. ಅಷ್ಟೇ. ದೊಡ್ಡವರು ಸತ್ತರೆ ದಿನ ಮಾಡುತ್ತಾರೆ, ಎಲೆಯ ಮೇಲೆ ಅವರ ಹೆಸರಿನಲ್ಲಿ ಎಡಿ ಬಡಿಸಿಡುತ್ತಾರೆ. ನನ್ನ ಕೂಸಿಗೂ ಒಂದು ಎಡಿ ಹಿಡಿಯಿರಿ ಎಂದು ಅತ್ತೆಯನ್ನು ಕೇಳಿದೆ.

"ಹಲ್ಲ ಬರದ ಕೂಸಿಗೆ ಯಾರಾರ ದಿನ ಮಾಡ್ತಾರೇನ? ಮುಂದಿನ ಹೊಟ್ಟಿಗೆ ಕೇಡು. ಅಳಬ್ಯಾಡ, ಏಳು, ದನಕ್ಕ ನೀರ ತೋರಸು" ಎಂದಳು.

ಮಾವನನ್ನು ಕೇಳಿದೆ, ಕೆಮ್ಮಿ ಎದ್ದು ಹೋದ. ಸಣ್ಣ ಮಾವ ಅಲ್ಲೇ ಮೂಲೆಯಲ್ಲಿ ಗಾಳದ ದಾರದ ಗಂಟು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ. ಬಿಡಿಸು, ಬಿಡಿಸು, ನಿನ್ನ ಗಂಟೇ ನಿನಗೆ ದೊಡ್ಡದು ಎಂದು ಮನಸ್ಸಿನಲ್ಲೇ ಬೈದೆ.

ಆಮೇಲೆ ರಾಜ್ಯ ಒಂದಾಯಿತು. ಊರಲ್ಲಿ ಸಕ್ಕರೆ ಹಂಚಿದರು. ಸಂತೋಷ ಹೆಚ್ಚಾಗಿ, ಕಲ್ಲು ಒಡೆಯುವ ಕೆಲಸದವರು ಯಾರೋ ಬಂಡೆ ಸಿಡಿಸುವ ಮದ್ದಿನ ತೋಟೆಯೊಂದಕ್ಕೆ ಬೆಂಕಿ ಹಚ್ಚಿ ಮಡುವಿಗೆ ಒಗೆದರು. ಢಂ ಎಂದಿತು. ಜನ ಕೇಕೆ ಹಾಕಿದರು. ಸ್ವಲ್ಪ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಅವುಗಳ ನಡುವೆ ಗೌಡ್ತಿ.

ಸಣ್ಣ ಮಾವ ಎದೆಮಟ್ಟ ನೀರಿಗಿಳಿದು ಅವಳನ್ನು ತಬ್ಬಿಕೊಂಡು ದಂಡೆಗೆ ತಂದ. ಒಬ್ಬ ಪುಣ್ಯಾತ್ಮ ಬಂದು, "ನೀವಂತೂ ತಿನ್ನಾಂಗಿಲ್ಲ, ತಲಿ ಭಾಗ ನನಗರ ಕೊಡ್ರಿ" ಎಂದ. ಹರಗೋಲಿನ ಹುಟ್ಟು ಹಿಡಿದು ಅವನನ್ನು ಊರ ಅಗಸಿ ಬಾಗಿಲವರೆಗೆ ಅಟ್ಟಿಸಿಕೊಂಡು ಹೋದ ನಮ್ಮ ಸಣ್ಣ ಮಾವ. ತಿರುಗಿ ಬರುವಾಗ ಮೀಸೆ ಬೋಳಿಸಿಕೊಂಡು ಬಂದ.

ಖಬರು ಹೋಗಿ ಮರುದಿನ ಉಳಿದ ಮೂವರೂ ಬಂದರು. ಶಾನುಭೋಗ ಛತ್ರಿ ಮರೆತು ಬಂದಿದ್ದ. ಅಂಥವನೂ, ಹೆಣ ಯಾವ ದಂಡೆಯಲ್ಲಿ ಹೂಳಬೇಕೆಂಬ ಮಾತು ಬಂದಾಗ ಸೆಟೆದು ನಿಂತ.

"ನಮ್ಮ ದಂಡ್ಯಾಗ! ಆಕಿ ನಮ್ಮ ರಾಜ್ಯದಾಕಿ!"

"ಅಜಿ ಸಾಹೇಬ್ರ, ಯಾವ ರಾಜ್ಯ?" ಎಂದರು ಸಾಬರು. "ನಿನ್ನೆ ಎಲ್ಲಾ ಒಂದಾತಲ್ರೀ."

ಶಾನುಭೋಗ ಮರಳಿನ ಮೇಲೆ ಕುಳಿತು ಹೋ ಎಂದು ಅತ್ತ. "ಎರಡು ರಾಜ್ಯದಾಗ ಆರಾಮ ಇದ್ಲು. ಒಂದಾತು, ಸತ್ಲು" ಎಂದ ನೇಕಾರ. ಬೆಟಗೇರಿಯ ಹೊಸ ಸೀರೆ, ಇನ್ನೂ ಗಂಜಿಯ ವಾಸನೆ ಹೋಗದ್ದು, ಅದನ್ನು ಸುತ್ತಿ ಹೂಳಿದರು! ನಾನು ಕೊಡ ಹೊತ್ತು ನೋಡುತ್ತ ನಿಂತಿದ್ದೆ. ನನ್ನ ಕೂಸನ್ನು ಗಂಡನ ಹಳೆಯ ಧೋತರದಲ್ಲಿ ಸುತ್ತಿದ್ದರು.

ಇಷ್ಟಕ್ಕೆ ಮುಗಿಯಿತೇ? ಇಲ್ಲ. ಸಣ್ಣ ಮಾವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ನಾಳೆ ಗೌಡ್ತಿ ದಿನ ಮಾಡ್ತೀವಿ. ಹೋಳಿಗಿ ಮಾಡಬೇಕವ್ವಾ. ಬುಟ್ಟಿ ನೀನ ಹೊತಗೊಂಡ ಬರಬೇಕು."

ಒಲೆಯೊಳಗಿನ ಕೊಳ್ಳಿ ನನ್ನ ಕೈಗೆ ಬಂದಿತ್ತು. "ನಿಮಗ ನಾಚಿಕಿ ಬರಂಗಿಲ್ಲೇನ್ರಿ? ಈ ಮನ್ಯಾಗ ಒಂದು ಕೂಸು ಸತ್ತಾಗ ಅದಕ್ಕಂತ ಯಾರ ಒಲಿ ಹಚ್ಚಿದ್ರಿ? ಮೀನಿಗೆ ಹಲ್ಲ ಬಂದಿದ್ವೇನು? ನೋಡಿದ್ರೇನು ಬಾಯಿ ತಗದು?"

ಅತ್ತೆ ಒಳಗಿನಿಂದ ಕೂಗಿದಳು: "ಮಾಡಿ ಒಗಿಯವ್ವಾ. ಹುಚ್ಚಗ ಯಾಕ ಎದುರಾಡ್ತಿ?"

ಮಾಡಿದೆ. ಕಡಲೆಬೇಳೆ ರುಬ್ಬುವಾಗ ಒರಳಿನಲ್ಲಿ ನಾಲ್ವರನ್ನೂ ಹಾಕಿ ರುಬ್ಬಿದೆ. ಬುಟ್ಟಿ ಹೊತ್ತು ಹೊಳೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದೆ. ಮರಳಿನ ಮೇಲೆ ನಾಲ್ವರೂ ತಲೆಗೆ ಟವೆಲ್ಲು ಹೊದ್ದು ಕುಳಿತಿದ್ದರು. ಎದುರಿಗೆ ಎರಡು ಬಾಳೆಲೆ. ಒಂದು ದೊಡ್ಡದು. ಇನ್ನೊಂದು ಅಂಗೈಯಷ್ಟು, ಕುಡಿಯೆಲೆ.

"ಇದು ಯಾರಿಗೆ? ಗೌಡ್ತಿಗೆ ಗಂಡ ಒಬ್ಬ ಇದ್ದನೇನು?" ಎಂದು ಕೇಳಿದೆ.

ಸಣ್ಣ ಮಾವ ಬುಟ್ಟಿ ಇಳಿಸಿಕೊಂಡು ದೊಡ್ಡ ಎಲೆಗೆ ಒಂದು ಹೋಳಿಗೆ ಇಟ್ಟ. ಸಣ್ಣ ಎಲೆಗೆ ತುಂಡು ಮಾಡಿ, ತುಪ್ಪ ಹಾಕಿ, ಬೆರಳಿನಿಂದ ಕಿವುಚಿ ಮೆತ್ತಗೆ ಮಾಡಿ ಇಟ್ಟ. ಹಲ್ಲಿಲ್ಲದವರಿಗೆ ಮಾಡುತ್ತೇವಲ್ಲ, ಹಾಗೆ.

"ನಿನ್ನ ಕೂಸಿಂದವ್ವಾ. ಮನ್ಯಾಗ ಎಡಿ ಹಿಡೀಲಿಕ್ಕೆ ಬಿಡಲಿಲ್ಲ. ಅಣ್ಣನ ಮುಂದ ನನ್ನ ಬಾಯಿ ಏಳಂಗಿಲ್ಲ. ಇಲ್ಲೆ ಹೊಳಿ ದಂಡ್ಯಾಗಾದ್ರ ಹುಚ್ಚರ ಕಾರಭಾರ, ಯಾರು ಬಂದು ಕೇಳ್ತಾರ?"

ನಾನು ಆ ಕುಡಿಯೆಲೆಯ ಮುಂದೆ ಕುಳಿತೆ.

"ಹೆಸರ ಹೇಳಬೇಕಲ್ಲ ಎಡಿ ಹಿಡದಾಗ. ಇಟ್ಟಿದ್ದೀ ಹೌದಿಲ್ಲೋ?"

ಇಟ್ಟಿದ್ದೆ. ಮೊಲೆ ಕುಡಿಸುವಾಗ ಕಿವಿಯಲ್ಲಿ ಕರೆಯುತ್ತಿದ್ದೆ. ಗಂಡನಿಗೂ ಹೇಳಿರಲಿಲ್ಲ. ಅಲ್ಲಿ ಬಾಯಿ ಬಿಟ್ಟು ಹೇಳಿದೆ. ನೇಕಾರ ಆ ಹೆಸರು ಹೇಳಿ ಎಲೆಯ ಸುತ್ತ ನೀರು ಬಿಟ್ಟ. ಶಾನುಭೋಗ ಹೇಳಿದ. ಸಾಬರು ತಮ್ಮ ಪದ್ಧತಿಯಂತೆ ಎರಡೂ ಕೈ ಎತ್ತಿ ಹೇಳಿದರು. ಸಣ್ಣ ಮಾವ ಹೇಳಲು ಹೋದ, ಆಗಲಿಲ್ಲ, ಟವೆಲ್ಲಿನ ತುದಿಯಿಂದ ಮೀಸೆಯಿಲ್ಲದ ತುಟಿ ಒರೆಸಿಕೊಂಡ. ಏನು ಹೆಸರು ಅಂತೀರಾ? ನಿಮಗೆ ಯಾಕೆ ಅದು?

ಮರುದಿನ ಬೆಳಿಗ್ಗೆ ಎದ್ದು, ಕೂಸಿನ ವಾಸನೆ ಹೋದೀತೆಂದು ಒಗೆಯದೆ ಜೋಳದ ಗುಡಾಣದ ಹಿಂದೆ ಬಚ್ಚಿಟ್ಟಿದ್ದ, ಅದಕ್ಕೆ ಹೊದಿಸುತ್ತಿದ್ದ ಕೌದಿಯನ್ನು ತೆಗೆದು ಹೊಳೆಗೆ ಒಯ್ದೆ. ಸವಳು ಮಣ್ಣು ಹಚ್ಚಿ, ಬಂಡೆಗೆ ಬಡಿದು ಬಡಿದು ಒಗೆದೆ.