ಬೀಗರ ಊಟಕ್ಕೊಂದು ಬೀಗ

ಆ ಭಾನುವಾರ ಲಸ್ಸಾದ್ ಯಜಮಾನರು ಹಲ್ಲುಜ್ಜುವ ಮೊದಲೇ ಒಂದು ಐತಿಹಾಸಿಕ ಘೋಷಣೆ ಹೊರಡಿಸಿದರು. ಮಧ್ಯಾಹ್ನ ಊಟಕ್ಕೆ ಬರಲಿರುವ ಬೀಗರಿಗೆ ಈ ಮನೆಯ ಒಂದೊಂದು ವಸ್ತುವೂ ಯಾವ ಕಾಲದ್ದು, ಅದನ್ನು ಕೊಂಡ ಜಾಣ ಯಾರು, ಅದು ಇವತ್ತಿಗೂ ಹೇಗೆ ಹೊಸದರಂತಿದೆ ಎಂಬುದನ್ನು ತಾವೇ ಖುದ್ದಾಗಿ ತೋರಿಸಿಕೊಡುತ್ತಾರಂತೆ!

ಹೆಂಡತಿ ಮಬ್ರೂಕಾ ಬುಟ್ಟಿ ಹಿಡಿದು ಮೀನಿನ ಮಾರುಕಟ್ಟೆಗೆ ಹೊರಟಿದ್ದಳು.

"ತೋರಿಸಿ. ಆದ್ರೆ ಯಾವ್ದನ್ನೂ ಮುಟ್ಟದೆ ತೋರಿಸಿ," ಎಂದವಳೇ ಮೆಟ್ಟಿಲಿಳಿದಳು.

ಯಜಮಾನರು ಸ್ಫಾಕ್ಸ್ ಬಂದರಿನ ಗೋದಾಮಿನಲ್ಲಿ ಮೂವತ್ತೈದು ವರ್ಷ ಮೇಲ್ವಿಚಾರಣೆ ಮಾಡಿ ನಿವೃತ್ತರಾದವರು. ಮೇಲ್ವಿಚಾರಣೆ ಮಾಡಲು ಗೋದಾಮು ಸಿಗದೆ ಈಗ ಮನೆಯನ್ನೇ ಹಿಡಿದುಕೊಂಡಿದ್ದರು. ಅವರಿಗೊಂದು ಸಿದ್ಧಾಂತವಿತ್ತು: ವಸ್ತುವಿನ ಬೆಲೆ ಅಂಗಡಿಯವನು ಹೇಳಿದ್ದಲ್ಲ, ಅದು ಎಷ್ಟು ದಿನ ದುಡಿಯಿತೋ ಅದರಿಂದ ಭಾಗಿಸಿದ ಮೇಲೆ ಬಂದದ್ದು. ಈ ಲೆಕ್ಕದಲ್ಲಿ ಅವರ ಸೀಮೆಎಣ್ಣೆ ಒಲೆ, ಉಗುರು ಕತ್ತರಿ, ಮೂರು ಸಲ ಹಿಡಿ ಬದಲಾದ ಕೊಡೆ ಎಲ್ಲವೂ ಬಿಟ್ಟಿಯಾಗಿ ಸಿಕ್ಕಂತೆ. ಇವೆಲ್ಲಕ್ಕೂ ಚಕ್ರವರ್ತಿ ಎಂದರೆ ಕಬಾಟಿನಲ್ಲಿದ್ದ ಕೆಂಪು ರೇಷ್ಮೆ ಟೈ. ಇಟಲಿಯ ಹಡಗಿನ ನಾವಿಕನೊಬ್ಬನಿಂದ ಮದುವೆಗೆಂದು ಕೊಂಡದ್ದು. ಮೂವತ್ತೊಂದು ವರ್ಷವಾದರೂ ಒಂದು ಎಳೆ ಬಿಟ್ಟಿಲ್ಲ, ಬಣ್ಣ ಮಾಸಿಲ್ಲ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

"ಮೂರೇ ಸಲ ಹಾಕಿದ್ರೆ ಹೇಗೆ ಮಾಸುತ್ತೆ?" ಎಂದು ಮಬ್ರೂಕಾ ಒಳಗಿನಿಂದಲೇ ಕೇಳುತ್ತಿದ್ದಳು. ಸಿದ್ಧಾಂತದ ಪ್ರಕಾರ ಭಾಗಿಸಿದರೆ ಟೈ ಇಡೀ ಮನೆಯಲ್ಲೇ ಅತಿ ದುಬಾರಿ ಎಂಬುದು ಅವಳ ವಾದ. ಆ ಮಾತು ಬಂದಾಗಲೆಲ್ಲ ಯಜಮಾನರ ಕಿವಿ ಮಂದವಾಗುತ್ತಿತ್ತು.

ಆದರೆ ಇವತ್ತಿನ ಊಟ ತಮಾಷೆಯದಾಗಿರಲಿಲ್ಲ. ಮಗಳು ಹೇಲಾ ಮೆಚ್ಚಿದ ಹುಡುಗ ನಿಝಾರ್ ಒಳ್ಳೆಯವನು, ಅವನ ಅಪ್ಪ ಅಮ್ಮ ಆಗಲೇ ಒಪ್ಪಿದ್ದರು. ಬಾಕಿ ಇದ್ದದ್ದು ಅಜ್ಜಿ, ಹಾಜಿಯಾ ತ್ರಾಕಿ. ಆ ಮುದುಕಿ ಹುಡುಗಿಯ ಓದು ನೋಡುವುದಿಲ್ಲ, ಬಣ್ಣ ನೋಡುವುದಿಲ್ಲ, ಆ ಮನೆಯವರು ಗೋಧಿ ರವೆಯನ್ನು ಹಬೆಯಲ್ಲಿ ಬೇಯಿಸಿ ಮಾಡುವ ಕುಸ್ಕುಸ್ ನೋಡುತ್ತಾಳೆ. ಕಾಳು ಕಾಳಿಗೆ ಅಂಟಿದ್ದರೆ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾಳೆ. ಹಿರಿಯ ಮೊಮ್ಮಗನಿಗೆ ನೋಡಿದ ಎರಡು ಸಂಬಂಧ ಹೀಗೆಯೇ ತಪ್ಪಿಹೋಗಿದ್ದವು. ಹೇಲಾ ಹಿಂದಿನ ದಿನದಿಂದ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ.

ಹೆಂಡತಿ ಅತ್ತ ಹೋದದ್ದೇ ಯಜಮಾನರು ಅಡುಗೆಮನೆ ಹೊಕ್ಕರು. ಕುಸ್ಕುಸ್ ಪಾತ್ರೆ ಕಣ್ಣಿಗೆ ಬಿತ್ತು. ಕೆಳಗೆ ಸಾರು ಕುದಿಯುವ ಗುಂಡು ಪಾತ್ರೆ, ಮೇಲೆ ಕುಸ್ಕುಸ್ ಬೇಯುವ ತೂತಿನ ಪಾತ್ರೆ. ಮದುವೆಯಾದ ವಾರ ಇಬ್ಬರೂ ಹೋಗಿ ತಂದದ್ದು, ಅಂದಿನಿಂದ ಒಂದು ಭಾನುವಾರವೂ ರಜೆ ತೆಗೆದುಕೊಂಡಿರಲಿಲ್ಲ. ಆದರೆ ಅದರ ಅವಸ್ಥೆ! ಅಂಚಿನ ಸುತ್ತ ಗಾರೆಯಂತೆ ಗಟ್ಟಿಯಾದ ಹಿಟ್ಟು. ಹಿಡಿಗೆ ಕಟ್ಟಿದ ಬೂದು ಬಣ್ಣದ ಚಿಂದಿಯೊಂದು ಒಣಗಿ ಹಪ್ಪಳವಾಗಿತ್ತು. ಬೀಗರೆದುರು ಇದನ್ನಿಡುವುದೇ?

ಯಜಮಾನರು ತೋಳು ಮೇಲೇರಿಸಿದರು. ಬೂದಿ, ನಿಂಬೆಹಣ್ಣು, ತೆಂಗಿನ ನಾರಿನಷ್ಟೇ ಒರಟಾದ ಒಂದು ಬ್ರಷ್ಷು. ಅಂಚಿನ ಹಿಟ್ಟನ್ನು ಚಾಕುವಿನಿಂದ ಕೆರೆದು ಕೆರೆದು ತೆಗೆದರು. ಪಾತ್ರೆಯಲ್ಲಿ ಮುಖ ಕಾಣಿಸಿದಾಗ ಮೀಸೆ ತಿರುವಿಕೊಂಡರು. ಚಿಂದಿಯನ್ನು ಎರಡು ಬೆರಳಲ್ಲಿ ಹಿಡಿದು ಕಸಕ್ಕೆ ಹಾಕಿದರು. ಶಿಸ್ತಿನ ಮನುಷ್ಯರಲ್ಲವೇ, ಆ ಚೀಲವನ್ನು ತಾವೇ ಕೆಳಗೊಯ್ದು ಕಸದ ಲಾರಿಗೆ ಕೊಟ್ಟೂ ಬಂದರು.

ಮಬ್ರೂಕಾ ಮೀನಿನೊಂದಿಗೆ ಮರಳಿದಾಗ ಯಜಮಾನರು ಹೆಮ್ಮೆಯಿಂದ ಬೀಗುತ್ತ ಪಾತ್ರೆಯ ಪಕ್ಕದಲ್ಲೇ ನಿಂತಿದ್ದರು. ಅವಳು ಹೊಳಪಿನ ಕಡೆ ನೋಡಲೇ ಇಲ್ಲ.

"ರೀ, ಬೀಗ ಎಲ್ಲಿ?"

"ಬಾಗಿಲಲ್ಲೇ ಇದೆ."

"ಬಾಗಿಲಿನದ್ದಲ್ಲ."

"ಬೀಗರಾ? ಒಂದು ಗಂಟೆಗೆ ಬರ್ತಾರೆ."

"ಬೀಗರಲ್ಲಾರೀ, ಬೀಗ. ಪಾತ್ರೆ ಬೀಗ. ಈ ಹಿಡಿಗೆ ಕಟ್ಟಿದ್ನಲ್ಲ."

ಯಜಮಾನರ ಮೀಸೆ ತಾನಾಗಿಯೇ ಕೆಳಗಿಳಿಯಿತು. ಆ ಊರಿನ ಹೆಂಗಸರು ಬೀಗ ಎನ್ನುವುದು ಆ ಚಿಂದಿಗೇ. ಹಿಟ್ಟಿನ ನೀರಿನಲ್ಲಿ ಅದ್ದಿ ಎರಡು ಪಾತ್ರೆ ಕೂಡುವ ಸಂದಿಗೆ ಬಿಗಿಯಾಗಿ ಸುತ್ತಿದರೆ ಹಬೆ ಹೊರಗೆ ಹೋಗದೆ ಮೇಲೇರುತ್ತದೆ. ಬೀಗವಿಲ್ಲದಿದ್ದರೆ ಹಬೆಯಿಲ್ಲ, ಹಬೆಯಿಲ್ಲದಿದ್ದರೆ ಕುಸ್ಕುಸ್ ಇಲ್ಲ. ಮೂವತ್ತೊಂದು ವರ್ಷ ಪ್ರತಿ ಭಾನುವಾರ ತಟ್ಟೆ ಖಾಲಿ ಮಾಡಿದ ಮೇಲ್ವಿಚಾರಕರಿಗೆ ಈ ಸಂಗತಿ ಅಂದೇ ತಿಳಿದದ್ದು.

ಮಬ್ರೂಕಾ ಬೈಯಲಿಲ್ಲ. ಅದೇ ಹೆದರಿಕೆಯಾಗುವಂತಿತ್ತು. ಅವಳು ಹಳೆಯ ಹಾಸಿಗೆ ಬಟ್ಟೆ ಹರಿದು ಸುತ್ತಿದಳು. ನೈಲಾನು, ಜಾರಿ ಕೆಳಗೆ ಬಿತ್ತು. ಟವೆಲ್ಲು ದಪ್ಪವಾಯಿತು. ಗಾಯದ ಬ್ಯಾಂಡೇಜಿನಿಂದ ಹಬೆ ಸಲೀಸಾಗಿ ಹಾದುಬಂತು. ಅಷ್ಟರಲ್ಲಿ ಇನ್ನೊಂದು ಸತ್ಯ ಬಯಲಾಯಿತು. ಯಜಮಾನರು ಕೆರೆದು ತೆಗೆದ ಗಾರೆಯ ಹಿಂದೆ ಹಳೆಯ ತಗ್ಗೊಂದಿತ್ತು. ಹಿಟ್ಟು ಅದನ್ನು ಅಷ್ಟು ವರ್ಷ ಮುಚ್ಚಿ ಮಾನ ಕಾಪಾಡಿತ್ತು. ಈಗ ಅಲ್ಲಿಂದ ಹಬೆ ಸಿಳ್ಳೆ ಹಾಕತೊಡಗಿತು. ಯಜಮಾನರು ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪು ತಂದರು. ಅದು ಕರಗಿ ಮೀನಿನ ಸಾರಿಗೆ ಲಾರಿಯ ವಾಸನೆ ಬರುವ ಮೊದಲೇ ಮಬ್ರೂಕಾ ಕಿತ್ತೆಸೆದಳು.

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮೇಲಿನ ಪಾತ್ರೆಯಲ್ಲಿ ಕುಸ್ಕುಸ್ ಹಸಿಯಾಗಿಯೇ ಕುಳಿತಿತ್ತು. ಬಾಗಿಲಲ್ಲಿ ನಿಂತಿದ್ದ ಹೇಲಾ ಕಣ್ಣೊರೆಸಿಕೊಂಡಳು.

"ಉದ್ದ ಇರ್ಬೇಕು, ಸಪೂರ ಇರ್ಬೇಕು, ಒತ್ತಾಗಿ ನೆಯ್ದಿರ್ಬೇಕು," ಎಂದು ಮಬ್ರೂಕಾ ಗಂಡನ ಮುಖ ನೋಡಿದಳು. "ಬಣ್ಣ ಬಿಡಬಾರ್ದು. ಅಂಥದ್ದು ಈ ಮನೇಲಿ ಒಂದೇ ಇರೋದು."

ಯಜಮಾನರಿಗೆ ಅರ್ಥವಾಯಿತು. ಅರ್ಥವಾಗದವರಂತೆ ಕಿಟಕಿಯ ಹೊರಗೆ ನೋಡಿದರು. ಇಟಲಿಯ ರೇಷ್ಮೆ! ಆದರೆ ಮಗಳ ಮೂಗು ಸುರ್ ಎಂದಾಗ ಅವರ ಎದೆ ತಡೆಯಲಿಲ್ಲ. ಕಬಾಟು ತೆರೆದರು, ಟೈಯನ್ನು ಒಮ್ಮೆ ಕೆನ್ನೆಗೊತ್ತಿಕೊಂಡರು, ಅಡುಗೆಮನೆಗೆ ಬಂದು ಹಿಟ್ಟಿನ ನೀರಿಗಿಳಿಸಿ ಮುಖ ತಿರುಗಿಸಿಕೊಂಡರು.

ರೇಷ್ಮೆಯ ಗಂಟು ಮಬ್ರೂಕಾಳ ಕೈಗೆ ನಿಲ್ಲಲಿಲ್ಲ. ಕೊನೆಗೆ ಯಜಮಾನರೇ ಬಾಗಿ, ಪಾತ್ರೆಯ ಕೊರಳಿಗೆ ಮದುವೆಯ ದಿನ ತಾವು ಹಾಕಿಕೊಂಡ ಅದೇ ಗಂಟನ್ನು ಹಾಕಿ ಬಿಗಿದರು. ಸಿಳ್ಳೆ ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ ಮೇಲಿನ ಪಾತ್ರೆಯಿಂದ ಹಬೆ ದಪ್ಪಗೆ, ನೆಟ್ಟಗೆ ಏಳತೊಡಗಿತು. ಹೊಳೆಯುವ ಮೈ, ಕೆಂಪು ಟೈ. ಪಾತ್ರೆ ಥೇಟ್ ಮದುವಣಿಗನಂತೆ ಕಂಗೊಳಿಸಿತು.

ಬೀಗರು ಅರ್ಧ ಗಂಟೆ ಮೊದಲೇ ಬಂದರು. ಹಾಜಿಯಾ ತ್ರಾಕಿ ಕೂರುವ ಕೋಣೆಗೆ ಹೋಗಲೇ ಇಲ್ಲ, ಕೋಲೂರುತ್ತ ನೇರ ಒಲೆಯ ಮುಂದೆ ಬಂದು ನಿಂತಳು. ಟೈ ಕಟ್ಟಿದ ಪಾತ್ರೆಯನ್ನು ನೋಡಿದಳು. ಗುಂಡಿ ಬಿಚ್ಚಿದ ಅಂಗಿಯಲ್ಲಿ ಬೆವರುತ್ತಿದ್ದ ಯಜಮಾನರನ್ನು ನೋಡಿದಳು. ಮತ್ತೆ ಪಾತ್ರೆಯನ್ನು ನೋಡಿದಳು. ಮುದುಕಿ ಮುಚ್ಚಳವಿಲ್ಲದ ಪಾತ್ರೆಯಿಂದ ನಾಲ್ಕು ಕಾಳು ಎತ್ತಿ ಅಂಗೈಯಲ್ಲಿ ಉರುಳಿಸಿದಳು. ನಾಲ್ಕೂ ನಾಲ್ಕು ದಿಕ್ಕಿಗೆ ಉರುಳಿದವು.

"ಈ ಬೀಗ ಎಷ್ಟು ವರ್ಷದ್ದು?" ಎಂದಳು.

"ಮೂವತ್ತೊಂದು," ಎಂದರು ಯಜಮಾನರು.

"ಒಂದ್ ತೊಟ್ಟು ಬಣ್ಣ ಬಿಟ್ಟಿಲ್ಲ. ನೋಡಿ ತಗೊಂಡಿದ್ದೀರಿ."

ಮೂವತ್ತೊಂದು ವರ್ಷದಲ್ಲಿ ಆ ಮಾತು ಹೇಳಿದ ಮೊದಲ ಹೆಂಗಸು! ಊಟ ಮುಗಿಯುವಷ್ಟರಲ್ಲಿ ಮುದುಕಿ ಎರಡು ಸಲ ಬಡಿಸಿಕೊಂಡಳು, ಹೇಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು, ಮದುವೆಯನ್ನು ಬೇಸಿಗೆಗೆ ನಿಶ್ಚಯಿಸಿದಳು. ಯಜಮಾನರಿಗೆ ಕಳೆದುಹೋದ ಮೀಸೆಯ ತಿರುವು ಮರಳಿ ಬಂತು. ಟೈಯನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಮಗಳ ಮದುವೆಯ ದಿನ ಅದನ್ನೇ ಕಟ್ಟಿಕೊಂಡು ಬರುವುದಾಗಿ ಎಲ್ಲರೆದುರು ಘೋಷಿಸಿದರು.

ಮಬ್ರೂಕಾ ತಟ್ಟೆಗಳನ್ನು ಒಂದರ ಮೇಲೊಂದಿಡುತ್ತ ತಲೆ ಎತ್ತದೆಯೇ ಹೇಳಿದಳು:

"ಅವತ್ತು ಇನ್ನೂರು ಜನರ ಕುಸ್ಕುಸ್ ಇರುತ್ತೆ. ಟೈ ಬರೋಕಾಗಲ್ಲ, ಅದಕ್ಕೆ ಕೆಲಸ ಇದೆ. ನೀವು ಬಿಡುವಾಗಿರ್ತೀರಲ್ಲ, ಬನ್ನಿ."