ಮಾವನ ಕ್ಯಾಮೆರಾಕ್ಕೆ ಮನುಷ್ಯರು ಬೇಡ

ನಮ್ಮ ಸೋದರಮಾವನ ಕ್ಯಾಮೆರಾದಲ್ಲಿ ನೀವು ಬೀಳಬೇಕೆಂದರೆ ಮೊದಲು ನಿಮ್ಮ ಚಾವಣಿ ಕುಸಿದಿರಬೇಕು! ನೆತ್ತಿಯ ಮೇಲೊಂದು ಆಲದ ಸಸಿ ಹುಟ್ಟಿದ್ದರೆ ಇನ್ನೂ ಒಳ್ಳೆಯದು.

ಯಾದಗಿರಿಯಲ್ಲಿ ನನ್ನ ಮದುವೆಯಾದಾಗ, ಮನೆಯವನೇ ಇದ್ದಾನಲ್ಲ ಎಂದು ಅಪ್ಪ ಫೋಟೊದ ಕೆಲಸ ಮಾವನಿಗೇ ವಹಿಸಿದ. ತೊಳೆಸಿ ತಂದ ರೋಲಿನಲ್ಲಿ ನಾನೂ ಇರಲಿಲ್ಲ, ನನ್ನ ಹೆಂಡತಿಯೂ ಇರಲಿಲ್ಲ. ಮಂಟಪದ ಹಿಂದಿದ್ದ, ಎಂದೋ ಮುಚ್ಚಿಹೋದ ಹತ್ತಿ ಗಿರಣಿ ಮಾತ್ರ ಎಲ್ಲ ಮಗ್ಗುಲಿನಿಂದಲೂ ಇತ್ತು. ಅಕ್ಷತೆ ಬೀಳುವ ಹೊತ್ತಿಗೆ ಅದರ ಚಿಮಣಿಯ ಮೇಲೆ ಬಿಸಿಲು ಬಲು ಚೆನ್ನಾಗಿ ಬಿದ್ದಿತ್ತಂತೆ! ಯಾರಾದರೂ ಆಲ್ಬಂ ಕೇಳಿದರೆ ನನ್ನ ಹೆಂಡತಿ ಇಂದಿಗೂ ಆ ಚಿಮಣಿ ತೋರಿಸಿ, ಇವರು ಗಂಡಿನ ಕಡೆಯವರು ಎಂದು ಪರಿಚಯಿಸುತ್ತಾಳೆ.

ಇನ್ನೊಮ್ಮೆ ದೋರನಹಳ್ಳಿಯ ಕಡೆ ನೀರಿಲ್ಲದ ಕಾಲುವೆಯ ಮುರಿದ ಗೇಟಿನ ಮುಂದೆ ಮಾವ ಕ್ಯಾಮೆರಾ ಹಿಡಿದು ನಿಂತ. ಸರ್ಕಾರದ ಸಾಹೇಬರೇ ಬಂದರೆಂದು ರೈತರು ಸುತ್ತುವರಿದು, ಕೊನೆಯ ಹೊಲಗಳಿಗೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿದರು. ಮಾವ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಹಿಂಗ ಒಣಗಿದ್ರನ ಚಂದ ಕಾಣ್ತದ ನೋಡ್ರಿ" ಅಂದ. ಹೇಗೆ ಬದುಕಿ ಬಂದನೋ! ತಲೆ ನೆಟ್ಟಗಿಲ್ಲವೆಂದು ಅವರೇ ಮರುಗಿ, ಚಹಾ ಕುಡಿಸಿ ಬಸ್ಸು ಹತ್ತಿಸಿದ್ದರಂತೆ.

ಪಾಳುಬಿದ್ದ ಗೋಡೆಯಲ್ಲಿ ಈತನಿಗೆ ಕಾಣುವುದಾದರೂ ಏನು? ಕೇಳಿ ಕೇಳಿ ನಾನೇ ಸೋತಿದ್ದೆ.

ಹೋದ ಚಳಿಗಾಲದಲ್ಲಿ ಮಾವ ಮತ್ತೆ ದೇವಾಪುರದ ಹತ್ತಿರದ ಹಳೆಯ ಕ್ಯಾಂಪಿಗೆ ಹೊರಟ. ಕಾಲುವೆ ತೋಡುವ ಕಾಲಕ್ಕೆ ಅವನು ಅಲ್ಲೇ ನೌಕರಿಯಲ್ಲಿದ್ದ. ಹೊಸದಾಗಿ ಮದುವೆಯಾಗಿ ಸಂಸಾರ ಹೂಡಿದ್ದೂ ಅಲ್ಲಿಯೇ. ಈ ಸಲ ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದಳು. ಮೂವರೂ ಹೋದೆವು. ಸಾಲುಸಾಲು ಕ್ವಾರ್ಟರ್ಸು, ಯಾವುದಕ್ಕೂ ಚಾವಣಿಯಿಲ್ಲ, ಎಲ್ಲವೂ ಒಂದೇ ಥರ. ತಾವಿದ್ದ ಮನೆ ಯಾವುದೆಂದು ಎಷ್ಟು ಸಲ ಬಂದರೂ ಗೊತ್ತಾಗಿಲ್ಲ, ಅದಕ್ಕೇ ಎಲ್ಲದರ ಫೋಟೊ ತೆಗೆಯುತ್ತಿದ್ದೇನೆ ಎಂದು ಮಾವ ಮೆಲ್ಲಗೆ ಹೇಳಿದ. ಹಾಗಾದರೆ ಗಿರಣಿಯ ಫೋಟೊ ಯಾತಕ್ಕೆ? ನನಗಿನ್ನೂ ತಿಳಿದಿಲ್ಲ.

ಅತ್ತೆ ಜಾಲಿಗಿಡ ಸರಿಸುತ್ತ ಒಂದೊಂದೇ ಮನೆ ಇಣುಕಿ, ಒಂದರೊಳಗೆ ಹೋಗಿ ನಿಂತಳು. ಗೋಡೆಯಲ್ಲಿ ತೀರ ಕೆಳಗೆ ಒಂದು ದೀಪದ ಗೂಡಿತ್ತು.

"ನನ್ನ ಕೈಗಿ ಎಟುಕ್ಲಿ ಅಂತ ನೀವ ಕೊರದದ್ದು. ಮರತ್ರ್ಯಾ?"

ಮಾವ ಕ್ಯಾಮೆರಾ ಎತ್ತಿದ. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಗೂಡಿನ ಪಕ್ಕ ನಿಂತಳು. ಎಷ್ಟು ಹೊತ್ತಾದರೂ ಅವನು ಗುಂಡಿ ಒತ್ತಲಿಲ್ಲ. ಏನಾಯಿತೆಂದು ನಾನು ಕೇಳಿದೆ.

"ತಡಿ, ಒಲಿ ಹೊಗಿ ಹೋಗ್ಲಿ. ಆಕಿ ಮುಖ ಮಬ್ಬ ಕಾಣಾಕತ್ತದ."

ಅಲ್ಲಿ ಒಲೆಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ನಾನು ಗಲಿಬಿಲಿಯಾಗಿ ಅತ್ತೆಯನ್ನು ನೋಡಿದೆ.

"ಮದಲ ಕಣ್ಣ ಒರಸಿಕೋರಿ," ಅಂದಳು ಅತ್ತೆ, "ನಾ ಇಲ್ಲೇ ನಿಂತಿರ್ತೀನಿ."