ಹೆಣ್ಣು ನೋಡುವ ದಿನ ಹಾಕಿದ ಟ್ಯೂಬ್‌ಲೈಟು

ಎಂಬತ್ತೊಂದೋ ಎಂಬತ್ತೆರಡೋ ಇರಬೇಕು. ನಾನಾಗ ಹಾನಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹೀಗಾಗಿ ಕರೆಂಟಿನ ವಿಷಯದಲ್ಲಿ ಊರಿಗೆಲ್ಲ ನಾನೇ ದೊಡ್ಡ ಪಂಡಿತ ಎಂಬ ದೃಢವಾದ ನಂಬಿಕೆ ಇತ್ತು. ನನಗೆ. ಊರಿಗೆ ಇರಲಿಲ್ಲ!

"ನೂರು ವ್ಯಾಟಿನ ಬಲ್ಬು ಅಂದ್ರ ಒಲಿ ಇದ್ದಂಗ. ಕರೆಂಟು ತಿಂದು ಕಾವು ಕೊಡತೈತಿ. ನಲವತ್ತು ವ್ಯಾಟಿನ ಟ್ಯೂಬ್‌ಲೈಟು ಹಾಕಿದ್ರ ಬೆಳಕು ಜಾಸ್ತಿ, ಬಿಲ್ಲು ಕಡಿಮಿ" ಎಂದು ಹೆಂಡತಿ ಸುಮಿತ್ರಾಗೆ ಪಾಠ ಮಾಡಿದೆ.

"ನಾಳೆ ಪದ್ಮಾನ್ನ ನೋಡಾಕ ಶಿಗ್ಗಾಂವಿಯಿಂದ ಮಂದಿ ಬರ್ತಾರ. ಅವರು ಹೋದಮ್ಯಾಲ ಹಾಕ್ರಿ."

"ಅವರ ಸಲುವಾಗೇ ಹಾಕಾಕತ್ತೇನಿ! ಹುಡುಗಿ ಫಳಫಳ ಕಾಣಬೇಕು."

ಪದ್ಮಾ ನನ್ನ ತಂಗಿ. ಹುಡುಗ ದನದ ಡಾಕ್ಟರ್, ಒಳ್ಳೆಯ ಮನೆತನ. ಇದು ತಪ್ಪಿದರೆ ಅವ್ವ ನನ್ನನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಟ್ಯೂಬನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ತಂದೆ. ನಾಲ್ಕು ಅಡಿ ಉದ್ದದ ಕೂಸು! ಪಕ್ಕದವರು ದಾರಿಯುದ್ದಕ್ಕೂ ಅದರ ತಲೆ ತಮ್ಮ ಹೊಟ್ಟೆಗೆ ತಿವಿಯದಂತೆ ಹಿಡಿದುಕೊಂಡರು. ಮನೆಗೆ ಬಂದು ನಾನೇ ವೈರು ಜೋಡಿಸಿದೆ. ಹಳೆಯ ಬಲ್ಬನ್ನು ಬೀದಿಯ ಕೊನೆಯ ಕಿರಾಣಿ ಅಂಗಡಿಯವರಿಗೆ ಉದಾರವಾಗಿ ದಾನ ಮಾಡಿದೆ. ಮಧ್ಯಾಹ್ನ ಗುಂಡಿ ಒತ್ತಿದರೆ ಟ್ಯೂಬು ಝಗ್ ಎಂದಿತು. ಎದೆ ಉಬ್ಬಿತು.

ನಾಲ್ಕಕ್ಕೆ ಬರಬೇಕಾದ ಬೀಗರು ಬಸ್ಸು ಕೆಟ್ಟು ಏಳಕ್ಕೆ ಬಂದರು. ಆ ಹೊತ್ತಿಗೆ ಹೊಲಗಳ ಪಂಪುಗಳೆಲ್ಲ ಚಾಲೂ ಆಗಿ ವೋಲ್ಟೇಜು ಪಾತಾಳಕ್ಕೆ ಇಳಿದಿತ್ತು. ನಾನು ಗಂಭೀರವಾಗಿ ಗುಂಡಿ ಒತ್ತಿದೆ.

ಪಕ್. ಪಕಪಕ್. ಕತ್ತಲೆ. ಮತ್ತೆ ಪಕ್!

"ಮಳಿ ಬರತೈತೇನವಾ? ಮಿಂಚಾಕತ್ತೈತಿ" ಎಂದರು ಹುಡುಗನ ಅಜ್ಜಿ.

ಪದ್ಮಾ ಉಪ್ಪಿಟ್ಟಿನ ತಾಟು ಹಿಡಿದು ಬಂದಳು. ಒಂದು ಮಿಂಚಿಗೆ ಬಾಗಿಲಲ್ಲಿದ್ದಳು, ಮುಂದಿನ ಮಿಂಚಿಗೆ ನಡುಮನೆಯಲ್ಲಿದ್ದಳು. ತಾಟು ಕೊಟ್ಟು ನಾಚಿ ಒಳಗೆ ಓಡಿದಳು. ಹುಡುಗನ ಅಪ್ಪ ಬಾಗಿಲ ಕಡೆಗೇ ನೋಡುತ್ತ, "ಹುಡುಗೀನ ಕರೀರಲ್ಲ, ನೋಡೋಣು" ಎಂದರು.

"ಬಂದು ಹೋದ್ಲರಿ!" ಎಂದಳು ಸುಮಿತ್ರಾ, ನನ್ನನ್ನು ಸುಡುವಂತೆ ನೋಡುತ್ತ. ಆ ನೋಟ ಮಾತ್ರ ಕತ್ತಲೆಯಲ್ಲೂ ಸ್ಪಷ್ಟವಾಗಿ ಕಂಡಿತು.

"ಏನಿಲ್ರಿ, ಸ್ಟಾರ್ಟರ್ ಸ್ವಲ್ಪ ತಿರುವಿದ್ರ ಆತು" ಎಂದು ನಾನು ಸ್ಟೂಲು ಹತ್ತಿದೆ.

"ಇಳೀರಿ!" ಎಂದಳು ಸುಮಿತ್ರಾ.

"ಇಳಿಯೋ ಮಾರಾಯಾ!" ಎಂದಳು ಅವ್ವ.

ವಿಜ್ಞಾನ ಹೆಂಗಸರ ಮಾತಿಗೆ ಇಳಿಯುತ್ತದೆಯೇ? ಸ್ಟಾರ್ಟರ್ ತಿರುವಿದೆ. ಟ್ಯೂಬೇ ಕೈಗೆ ಬಂತು! ಅದನ್ನು ಹಿಡಿಯಲು ಹೋದಾಗ ಸ್ಟೂಲು ಅಲ್ಲಾಡಿತು. ಹುಡುಗ ಎದ್ದು ಓಡಿಬಂದು ಸ್ಟೂಲು ಹಿಡಿದ. ಸ್ಟೂಲು ಉಳಿಯಿತು, ನಾನು ಉಳಿಯಲಿಲ್ಲ. ಟ್ಯೂಬು ಮೂಲೆಗೆ ಬಿದ್ದು ಢಮ್ ಎಂದಿತು. ನನ್ನ ಬಲಗಾಲು ಬೆಚ್ಚಗಿನ, ಮೆತ್ತಗಿನ ಏನನ್ನೋ ಹೊಕ್ಕಿತು.

"ಉಪ್ಪಿಟ್ಟು ನಂದ್ರೀ ಅದು" ಎಂದರು ಹುಡುಗನ ಅಪ್ಪ, ಬಹಳ ಸೌಜನ್ಯದಿಂದ.

ಸಂಬಂಧ ಮುರಿಯಿತು ಎಂದು ಕಣ್ಣು ಮುಚ್ಚಿಕೊಂಡೆ.

ಅಷ್ಟರಲ್ಲಿ ಪದ್ಮಾ ಕಂದೀಲು ಹಿಡಿದು ಬಂದಳು. "ಯಾರೂ ಅಲ್ಲಾಡಬ್ಯಾಡ್ರಿ, ಗಾಜು ಬಿದ್ದೈತಿ" ಎಂದು, ಬೀಗರ ಮುಂದೆ ಸೆರಗು ಸಿಗಿಸಿ ಚೂರುಗಳನ್ನು ಗುಡಿಸಿದಳು. ಹುಡುಗ ಕಂದೀಲು ಎತ್ತಿ ಹಿಡಿದ. ಅವಳು ನನ್ನ ಕಾಲು ನೋಡಿ ನಕ್ಕಳು. ಅವನೂ ನಕ್ಕ. ಅಜ್ಜಿ, "ಈಗ ಕಂಡ್ಲು ನೋಡು ಹುಡುಗಿ!" ಎಂದರು.

ಸಂಬಂಧ ಗಟ್ಟಿಯಾಯಿತು. ಮದುವೆಯ ಹಿಂದಿನ ದಿನ ಚಪ್ಪರಕ್ಕೆ ದೀಪ ಕಟ್ಟುವವನ ಹತ್ತಿರ ನಾಲ್ಕು ಮಾತು ತಿಳಿಸಿ ಹೇಳಲು ಹೋದೆ. ಅವನು ಕೈಮುಗಿದು, "ಸರ, ನೀವು ಅಲ್ಲೇ ದೂರ ಕುಂತ್ಕೋರಿ" ಎಂದ.

ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ನಾನೇ ಅವನನ್ನು ಎರಡು ಸಲ ನಪಾಸು ಮಾಡಿದ್ದೆ. ಅವನು ಕಟ್ಟಿದ ದೀಪಗಳೆಲ್ಲ ಒಂದೇ ಗುಂಡಿಗೆ ಹತ್ತಿಕೊಂಡವು!